ತೊಟ್ಟಿಯ ಮೊದಲ ನೀರು

ಕಿನುಯೊ ಸೊಸೆಯಾಗಿ ಜಪಾನಿನ ಕೊಚಿಯ ಕಡಲಂಚಿನ ಆ ಮನೆಗೆ ಕಾಲಿಟ್ಟಾಗಿನಿಂದ ಸ್ನಾನದ ತೊಟ್ಟಿಯ ಕೊನೆಯ ನೀರು ಅವಳ ಪಾಲು. ತೊಟ್ಟಿಯ ಹೊರಗೇ ಮೈ ತೊಳೆದುಕೊಂಡು ಅತ್ತೆ, ಮಾವ, ಗಂಡ, ಮಕ್ಕಳು ಎಲ್ಲರೂ ಕೂತೆದ್ದ ಅದೇ ಬಿಸಿನೀರಿಗೆ ಕಡೆಗೆ ಅವಳು ಇಳಿಯಬೇಕು. ಎದ್ದ ಮೇಲೆ ತೊಟ್ಟಿಯ ಲೋಳೆ ತಿಕ್ಕುವವಳೂ ಅವಳೇ. ಅತ್ತೆ ಮಾವ ಹೋದರು, ಮಕ್ಕಳು ತಂತಮ್ಮ ಮನೆ ಮಾಡಿಕೊಂಡರು. ಇನ್ನು ಗಂಡ ತಾಮೊತ್ಸು ಒಬ್ಬನೇ ಅಡ್ಡ ಎಂದುಕೊಳ್ಳುವಷ್ಟರಲ್ಲಿ, ವಿಧವೆ ನಾದಿನಿ ಸುಮಿಯೆ ತವರಿಗೆ ಬಂದಳು. ಬಂದವಳು ಕೆಮ್ಮಿದಳು. ತಾಮೊತ್ಸು ತನ್ನ ಮೊದಲ ಸರದಿಯನ್ನೇ ತಂಗಿಗೆ ಬಿಟ್ಟುಕೊಟ್ಟ.

ಕಿನುಯೊ ಗಂಡನ ಮುಂದೆ ಹೋಗಿ ನಿಂತಳು.

"ನಂಗೂ ಕೆಮ್ಮಿದೆ ಕಣ್ರೀ."

"ನಿಂದು ಹಳೇ ಕೆಮ್ಮು. ಗಡಿಯಾರ ಹೊಡ್ಕೊಂಡಂಗೆ. ಯಾರು ಕೇಳ್ತಾರೆ?"

ಊರಿನ ತಪಾಸಣೆಯ ಎಕ್ಸ್‌ರೇ ಗಾಡಿಯಲ್ಲಿ ಸುಮಿಯೆಯ ಎದೆಯಲ್ಲಿ ಕಲೆ ಕಂಡಿತು. ಕಿನುಯೊ ಬೇಯಿಸುವ ಕೆಲಸವಿದೆಯೆಂದು ಗಾಡಿಯ ಕಡೆ ಹೋಗಿರಲೇ ಇಲ್ಲ. "ಕ್ಷಯ ಅದು! ಅವಳನ್ನ ಬೇರೆ ಇಡ್ಬೇಕು," ಎಂದಳು. ಡಾಕ್ಟರ ಬಾಯಿಂದಲೇ ಆ ಮಾತು ಕೇಳಬೇಕೆಂದು ಅಣ್ಣ ತಂಗಿಯರ ಜೊತೆ ಆಸ್ಪತ್ರೆಗೂ ಹೊರಟಳು.

ಕಫದ ಪರೀಕ್ಷೆಯ ಫಲ ನೋಡಿ ಡಾಕ್ಟರು ಹೇಳಿದರು: "ಕ್ಷಯ ಅಲ್ಲಮ್ಮ, ಅದರ ದಾಯಾದಿ. ಮಣ್ಣಲ್ಲಿ, ನೀರಲ್ಲಿ, ಬಚ್ಚಲ ಲೋಳೇಲಿ ಬದುಕೋದು. ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ. ಈಗ ನಮ್ಮ ದೇಶದಲ್ಲಿ ಕ್ಷಯಕ್ಕಿಂತ ಇದೇ ಜಾಸ್ತಿ ಕಾಣ್ತಿದೆ. ಅದ್ರಲ್ಲೂ ವಯಸ್ಸಾದ ಸಣಕಲು ಹೆಂಗಸರಿಗೆ. ಅವರಿಗೇ ಯಾಕೆ ಅಂತ ನಮಗೂ ಪೂರ್ತಿ ತಿಳಿದಿಲ್ಲ."

"ಹಂಗಾದ್ರೆ ಬೇರೆ ಇಡೋದು ಬೇಡ್ವಾ?" ಕಿನುಯೊಳ ದನಿ ಬಿದ್ದುಹೋಯಿತು. ಆ ನಿರಾಸೆಯಲ್ಲೇ ಕೆಮ್ಮು ಒತ್ತರಿಸಿ ಬಂತು.

ಡಾಕ್ಟರು ಅವಳ ಕಡೆ ತಿರುಗಿದರು. "ಮನೇಲಿ ತೊಟ್ಟಿ ತಿಕ್ಕೋರು ಯಾರು?"

ತಾಮೊತ್ಸು ಹೆಂಡತಿಯತ್ತ ಬೆರಳು ತೋರಿಸಿದ.

ಅವಳ ಎದೆಯದೂ ಎಕ್ಸ್‌ರೇ ತೆಗೆದರು, ಕಫ ಪರೀಕ್ಷಿಸಿದರು. ಅದೇ ಕಾಯಿಲೆ. ಸುಮಿಯೆಯದು ಎಳೆಯದು, ಸುಮ್ಮನೆ ಗಮನಿಸುತ್ತಿದ್ದರೆ ಸಾಕು. ಕಿನುಯೊಳದು ಬಲಿತದ್ದು, ವರ್ಷಕ್ಕೂ ಮೀರಿ ಮಾತ್ರೆ ನುಂಗಬೇಕು.

"ನೋಡಿದ್ಯಾ, ನಂದೇ ದೊಡ್ಡದು!" ಎಂದು ದಾರಿಯುದ್ದಕ್ಕೂ ನಾದಿನಿಗೆ ಹೇಳಿಕೊಂಡು ಬಂದಳು.

"ದೊಡ್ಡ ಸೊಸೆ ಅಲ್ವಾ ಅತ್ತಿಗೆ, ಎಲ್ಲಾ ನಿಂಗೆ ದೊಡ್ಡದೇ," ಎಂದು ಸುಮಿಯೆ ನಕ್ಕಳು.

ಆ ಸಂಜೆ ತಾಮೊತ್ಸು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿ ತೆರೆದು ತಾನೇ ತೊಟ್ಟಿ ತಿಕ್ಕಿದ. ನೀರು ತುಂಬಿ ಕಾಯಿಸಿ, "ಹೋಗು, ಇವತ್ತಿಂದ ನೀನೇ ಮೊದಲು," ಎಂದ.

ಒಂದು ಕೂದಲೂ ತೇಲದ ತಿಳಿನೀರು. ಕಿನುಯೊ ಕತ್ತಿನವರೆಗೆ ಇಳಿದಳು. ಸುಖ ಮೈಗೆ ಹತ್ತುವ ಮೊದಲೇ ಅಡುಗೆಮನೆಯಿಂದ ಅಣ್ಣ ತಂಗಿಯರ ನಗು ಕೇಳಿಸಿತು.

"ಏನ್ರೀ ಅದು?"

"ಏನಿಲ್ಲ, ನಮ್ಮ ಚಿಕ್ಕಂದಿನ ಕತೆ. ನಿಂಗೆ ಗೊತ್ತಾಗಲ್ಲ. ನಿಧಾನಕ್ಕೆ ಕೂತ್ಕೋ."

ನಗು ಇನ್ನೂ ಜೋರಾಯಿತು. ಕಿನುಯೊ ದಡಬಡ ಎದ್ದು ಬಟ್ಟೆ ಸುತ್ತಿಕೊಂಡು ಬಾಗಿಲ ಸಂದಿಯಿಂದ ಕೂಗಿದಳು:

"ಸುಮಿಯೆ! ನೀರು ಆರ್ತಿದೆ, ನೀನೇ ಬಾ! ನಾನು ಕಾಲಷ್ಟೇ ಅದ್ದಿದ್ದು!"