ಬಸ್ಸಿನ ಹಿಂಬಾಗಿಲು

ಸೊರಬದ ನೀಲಾಂಬಿಕ ವಾರಕ್ಕೊಮ್ಮೆ ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋಗಿ ಅಲ್ಲಿನ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಐವತ್ತೆಂಟನೇ ಇಸವಿಯ ಮಾತು. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ ಅದು. ಕಂಡದ್ದನ್ನು ಕಾಣದವಳಂತೆ ಇದ್ದುಬಿಡುವುದು ಅವಳ ಜಾಯಮಾನವಲ್ಲ.

ಒಂದು ದಿನ ಬಸ್ಸು ಕಿಕ್ಕಿರಿದು ತುಂಬಿತ್ತು. ಕೆರೆ ಏರಿಯ ತಿರುವಿನಲ್ಲಿ ಹಿಂಬಾಗಿಲು ತಾನಾಗಿ ತೆರೆದುಕೊಂಡಿತು. ಬಾಗಿಲ ಪಕ್ಕದ ಸೀಟಿನಲ್ಲಿದ್ದ ನೀಲಾಂಬಿಕ ಮುಂದಿನ ಸೀಟಿನ ಕಂಬಿ ಹಿಡಿದದ್ದರಿಂದ ಉಳಿದಳು. ಇಳಿದವಳೇ ಕಂಡಕ್ಟರ್ ಉಚ್ಚಂಗಪ್ಪನಿಗೆ ಹೇಳಿದಳು. ಅವನು ನಿಂತ ಬಸ್ಸಿನ ಬಾಗಿಲನ್ನು ಎಳೆದು ನೋಡಿದ.

"ಗಟ್ಟಿ ಐತಲ್ರೀ. ನೀವೇ ಚಿಲಕ ಮುಟ್ಟಿರಬೇಕು."

"ನಿಂತ ಬಸ್ಸಿಂದ ಯಾರು ಬೀಳ್ತಾರೋ ಮಾರಾಯ? ಜನ ತುಂಬಿದಾಗ, ತಿರುವಲ್ಲಿ ನೋಡು!"

ಬಸ್ಸಿನ ಏಜೆಂಟ್ ಚೌಡಪ್ಪ ಇನ್ನೂ ಒಂದು ಕೈ ಮೇಲು. "ಇಷ್ಟು ಜನ ಓಡಾಡ್ತಾರೆ, ನಿಮಗೊಬ್ರಿಗೇ ಯಾಕ್ರೀ ತೆರೀತೈತಿ?" ಎಂದು ನಕ್ಕ. ಮುಂದಿನ ವಾರ ಮತ್ತೆ ಹೇಳಿದಾಗ, "ಹೋದ ವಾರಾನೇ ಹೇಳಿದ್ರಲ್ಲ" ಎಂದು ಮುಖ ತಿರುಗಿಸಿದ.

"ಹೇಳಿದ್ದು ಹೌದು. ನೀವು ಮಾಡಿದ್ದೇನು?"

ಅಂದಿನಿಂದ ಅವಳಿಗೆ 'ಬಾಗಿಲಮ್ಮ' ಎಂಬ ಹೆಸರು ಬಿತ್ತು. ಅವಳು ಹತ್ತಿದರೆ ಸಾಕು, ಬಸ್ಸಿನಲ್ಲೆಲ್ಲ ಕಿಸಿಕಿಸಿ ನಗು. ಸಿಟ್ಟಿಗೆ ಅವಳು ಬಾಗಿಲಿನ ಮಾತೆತ್ತುವುದನ್ನೇ ಬಿಟ್ಟಳು.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಅದೇ ತಿರುವಿನಲ್ಲಿ ಬಾಗಿಲು ತೆರೆದು ಈಸೂರಿನ ಗುಡ್ಡಮ್ಮ ಹೊರಗೆ ಬಿದ್ದು ಕೈ ಮುರಿದುಕೊಂಡಳು. ಸುದ್ದಿ ತಿಳಿದು ಚೌಡಪ್ಪ ಓಡಿಬಂದಾಗ ಪ್ರಯಾಣಿಕರ ನಡುವಿನಿಂದ ಪುಟ್ಟಪ್ಪನೆಂಬ ರೈತ, "ನನಗೂ ಒಂದ್ಸಲ ತೆರೆದಿತ್ತು" ಎಂದ.

"ಹಂಗಾದ್ರೆ ಯಾಕೆ ಹೇಳ್ಲಿಲ್ಲ?" ಚೌಡಪ್ಪ ರೇಗಿದ.

"ಹೇಳ್ದೋರ್ನ ನೀವು ಏನಂತ ಕರೀತಿದ್ರಿ ಅಂತ ಕಿವಿಯಾರೆ ಕೇಳ್ತಿದ್ದೆ."

ಮರುದಿನ ರಿಪೇರಿಗೆ ಕರೀಂ ಸಾಬ್ ಬಂದ. ಮೊದಲು ಅವನು ಮಾಡಿದ್ದು ನೀಲಾಂಬಿಕಳ ಮನೆಗೆ ಹೋಗಿ ಕೇಳಿದ್ದು: "ಎಲ್ಲಿ ಕೂತಿದ್ರಿ ಅಮ್ಮಾ? ಸ್ವಲ್ಪ ಬಂದು ತೋರಿಸ್ತೀರಾ?"

ಅವಳು ಆಗಲೇ ಚಪ್ಪಲಿ ಮೆಟ್ಟಿ ಹೊರಟಳು. ತಿಂಗಳಾನುಗಟ್ಟಲೆ ಅವಳು ಕಾದದ್ದು ಈ ಒಂದು ಪ್ರಶ್ನೆಗೆ. ಅವನು ಬಸ್ಸಿಗೆ ಜನ ತುಂಬಿಸಿ, ತಾನು ಬಾಗಿಲ ಚೌಕಟ್ಟು ಹಿಡಿದು ನಿಂತು, ತಿರುವಿಗೆ ನಿಧಾನವಾಗಿ ಓಡಿಸಲು ಹೇಳಿದ. ಭಾರಕ್ಕೆ ಚೌಕಟ್ಟು ವಾಲಿ ಚಿಲಕ ಜಾರುವುದು ಕಣ್ಣಿಗೇ ಕಂಡಿತು. ಸರಿಪಡಿಸಿದ ಮೇಲೆ ಅವಳನ್ನೇ ಮತ್ತೆ ಕರೆದು ಅದೇ ಸೀಟಿನಲ್ಲಿ ಕೂರಿಸಿ, "ಈಗ ಹೇಳಿ" ಎಂದ. ತುಂಬಿದ ಬಸ್ಸು ತಿರುವು ದಾಟಿದರೂ ಬಾಗಿಲು ಅಲುಗಲಿಲ್ಲ.

ಮುಂದಿನ ವಾರ ಉಚ್ಚಂಗಪ್ಪ ತಾನಾಗಿ ಬಂದು, "ಇನ್ನೇನಾದ್ರೂ ತೊಂದರೆ ಐತೇನ್ರೀ?" ಎಂದು ಕೇಳಿದ.

"ಹಿಂದಿನ ಸೀಟಿನ ಮೊಳೆ ಎದ್ದಿದೆ. ಸೀರೆ ಹರಿಯುತ್ತೆ."

ಅವನ ಮುಖ ಹುಳ್ಳಗಾಯಿತು.

"ನೋಡು, ಮತ್ತೆ ಅದೇ ಮುಖ! ಕೇಳೋದಾದ್ರೆ ಸರಿಯಾಗಿ ಕೇಳು, ಇಲ್ದಿದ್ರೆ ಕೇಳಬೇಡ!"

ಅವನು ಟಿಕೆಟ್ ಚೀಲ ಹೆಗಲಿಗೇರಿಸಿ, ಗೊಣಗುತ್ತಲೇ ಹಿಂದಿನ ಸೀಟಿನ ಕಡೆಗೆ ನಡೆದ.