ಮುನಿಲಕ್ಷ್ಮಿ ಕುಡಿದ ಅರ್ಧ ಲೋಟ

ಒಲೆಯಿಂದ ಇಳಿಸಿದ ಪಾತ್ರೆಯ ಮೇಲೆ ಬಾಗಿ ಒಮ್ಮೆ ಉಸಿರೆಳೆದುಕೊಳ್ಳದೆ ಮುನಿಲಕ್ಷ್ಮಿ ಮುಚ್ಚಳ ಹಾಕಿದ ದಿನವಿಲ್ಲ. ಬಸ್ಸಾರಾಗಲಿ, ಹುರುಳಿಕಾಳಿನ ಉಪ್ಸಾರಾಗಲಿ, ಕಂಪನಿ ಬಸ್ಸಿಗೆ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಕಲಸಿದ ಚಿತ್ರಾನ್ನವಾಗಲಿ, ಎಲ್ಲಕ್ಕೂ ಅದೇ ಮರ್ಯಾದೆ. ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿ ನೋಡುವುದು ಅವಳಿಗೆ ಬಾರದು. ಮೂಗು ಸರಿ ಅಂದರೆ ಸರಿ, ಸಾಲದು ಅಂದರೆ ಇನ್ನೊಂದು ಚಿಟಿಕೆ.

ಆ ಮೂಗು ತವರಿನಿಂದ ಬಂದದ್ದು. ಅವಳ ತಂದೆ ಕೋದಂಡರಾಮಪ್ಪ ಶ್ರೀನಿವಾಸಪುರದ ಕಡೆ ಬೇರೆಯವರ ಮಾವಿನ ತೋಪು ಕಾಯುತ್ತಿದ್ದವರು. ಸುಗ್ಗಿಯ ಮೂರು ತಿಂಗಳು ಇಡೀ ಸಂಸಾರ ತೋಪಿನ ಗುಡಿಸಲಿನಲ್ಲೇ. ಹುಲ್ಲಿನಲ್ಲಿ ಹಣ್ಣಿಗಿಟ್ಟ ಕಾಯಿಯನ್ನು ಮಕ್ಕಳು ಹಿಸುಕಿ ನೋಡಿದರೆ ಅವರಿಗೆ ಕೋಪ ಬರುತ್ತಿತ್ತು. "ಮುಟ್ಬೇಡ್ರೇ, ಮೂಸಿ ಹೇಳಿ," ಅನ್ನುತ್ತಿದ್ದರು. ಎಂಟು ವರ್ಷದ ಮುನಿಲಕ್ಷ್ಮಿ ಕಣ್ಣು ಮುಚ್ಚಿಕೊಂಡೇ ಯಾವ ಕುಕ್ಕೆ ನಾಳೆಗೆ, ಯಾವುದು ನಾಡಿದ್ದಿಗೆ ಎಂದು ಹೇಳುತ್ತಿದ್ದಳು.

ಮದುವೆಯಾಗಿ ಬಂದದ್ದು ವಕ್ಕಲೇರಿಯ ಪಕ್ಕದ ಹಳ್ಳಿಗೆ. ಗಂಡ ಮುನೇಶನಿಗೆ ಎರಡು ಎಕರೆ ಹಿಪ್ಪುನೇರಳೆ, ನಾಲ್ಕು ಹಸು. ಅತ್ತೆ ದೊಡ್ಡವೆಂಕಟಮ್ಮ ಊರ ತಿಮ್ಮರಾಯಸ್ವಾಮಿಗೆ ಮೂವತ್ತು ವರ್ಷ ತಳಿಗೆ ಅಡಿಗೆ ಮಾಡಿಕೊಂಡು ಬಂದವರು. ಶ್ರಾವಣದ ಶನಿವಾರಗಳಲ್ಲಿ ಆ ದೇವರ ಮುಂದೆ ಬಾಳೆಲೆಯ ಮೇಲೆ ರಾಶಿ ಹಾಕಿ ಒಪ್ಪಿಸುವ ಅನ್ನವೇ ತಳಿಗೆ. ಅದನ್ನು ಮಾಡುವವರು ರುಚಿ ನೋಡುವ ಹಾಗಿಲ್ಲ. ಒಂದು ಅಗುಳು ನಾಲಿಗೆಗೆ ತಗುಲಿದರೂ ಎಂಜಲು. ನಲವತ್ತು ಐವತ್ತು ಜನಕ್ಕೆ ಆಗುವ ಪುಳಿಯೋಗರೆಯ ಉಪ್ಪನ್ನು ದೇವರ ಮೇಲೆ ಭಾರ ಹಾಕಿಯೇ ಹಾಕಬೇಕು. ದೊಡ್ಡವೆಂಕಟಮ್ಮನ ಕಣ್ಣಿಗೆ ಪೊರೆ ಬಂದ ವರ್ಷ ಅವರು ಸೌಟನ್ನು ಸೊಸೆಯ ಕೈಗಿತ್ತು, "ಇನ್ಮೇಲೆ ನೀನೇ ಕಣೇ. ನಿನ್ನ ಮೂಗಿಗೆ ಎಂಜಲಿಲ್ಲ," ಅಂದರು. ಅದಾಗಿ ಆರು ಶ್ರಾವಣ ಕಳೆದಿದ್ದವು. ಒಂದು ಸಲವೂ ಉಪ್ಪು ಹೆಚ್ಚಿರಲಿಲ್ಲ, ಕಡಿಮೆಯಾಗಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸದ, ಮಾತು ಕಡಿಮೆಯ ಆ ಹೆಂಗಸಿಗೆ ಊರಿನಲ್ಲಿ ಇದ್ದ ಹೆಸರು ಅದೊಂದೇ. ಶನಿವಾರದ ನಸುಕಿನಲ್ಲಿ ಗುಡಿಯ ಹಿಂದಿನ ಒಲೆಯ ಮುಂದೆ ಒದ್ದೆ ಸೀರೆಯಲ್ಲಿ ನಿಂತಾಗ ತಾನು ಸ್ವಾಮಿಗೆ ಬೇಕಾದವಳು ಎಂದು ಅವಳಿಗೆ ಅನ್ನಿಸುತ್ತಿತ್ತು. ಅದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಬಿಯರ್ ಕಾರ್ಖಾನೆ ಇದೆ. ಮಗಳು ಕೋಲಾರದ ಕಾಲೇಜಿಗೆ ಸೇರಿದ ವರ್ಷ ಮುನಿಲಕ್ಷ್ಮಿ ಅಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿಕೊಂಡಳು. ಸೇರುವ ಮುಂಚೆ ಅತ್ತೆಯ ಕಾಲು ಮುಟ್ಟಿ, "ಡಬ್ಬಿ ಜೋಡ್ಸೋದಷ್ಟೇ ಅತ್ತೆ. ಒಂದು ಹನೀನೂ ಬಾಯಿಗಿಡಲ್ಲ," ಎಂದು ಮಾತು ಕೊಟ್ಟಿದ್ದಳು. ಒಂದು ದಿನ ಗೋಡೌನಿನ ಮುಂದೆ ಹಾದು ಹೋಗುತ್ತಾ, "ಇಲ್ಲಿ ನೆಂದ ಗೋಣಿಚೀಲದ ವಾಸನೆ ಬರ್ತೈತೆ," ಅಂದಳು. ತೆಗೆದು ನೋಡಿದರೆ ಬಾರ್ಲಿ ಚೀಲದ ತಳಕ್ಕೆ ನೀರು ಹತ್ತಿ ಬೂಸಲು ಬಂದಿತ್ತು. ಅಂದಿನಿಂದ ಲ್ಯಾಬಿನ ಚಂದನ, ಅವಳ ಮಗಳಿಗಿಂತ ಏಳೆಂಟು ವರ್ಷ ದೊಡ್ಡ ಹುಡುಗಿ, ಪ್ರತಿ ಟ್ಯಾಂಕಿನ ಬಿಯರನ್ನೂ ಅವಳ ಮೂಗಿಗೆ ಹಿಡಿಯತೊಡಗಿದಳು. ಮೂಸುವುದಷ್ಟೇ. ಮಾತು ಮುರಿದ ಹಾಗಾಗಲಿಲ್ಲ ಎಂದು ಮುನಿಲಕ್ಷ್ಮಿ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಮನೆಯಲ್ಲಿ ಮುನೇಶ ಇದನ್ನೇ ಹಿಡಿದು ರೇಗಿಸುತ್ತಿದ್ದ. ಶ್ರಾವಣ ಬಂದರೆ ಅವನು ಬಾಡು, ಬ್ರಾಂದಿ ಎರಡನ್ನೂ ಬಿಡುವವನು. "ನೋಡಮ್ಮಾ ನಿನ್ನ ಸೊಸೆ ವೈಭೋಗಾನ! ನಾನು ಬಾಯಿ ಕಟ್ಕೊಂಡು ಕೂತಿದೀನಿ, ಇವ್ಳು ದಿನಾ ಎಣ್ಣೆ ವಾಸನೆ ಕುಡ್ಕೊಂಡು ಬರ್ತಾಳೆ!"

"ಬಾಯಿ ಕಟ್ಟಿರೋನು ಇಷ್ಟು ಮಾತಾಡ್ತಾನೇನ್ಲಾ?" ಎಂದು ದೊಡ್ಡವೆಂಕಟಮ್ಮ ಮಗನ ಬಾಯಿ ಮುಚ್ಚಿಸುತ್ತಿದ್ದರು.

ಆ ವರ್ಷದ ಶ್ರಾವಣದ ಮೂರನೇ ಶುಕ್ರವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಚಂದನ ಅವಳನ್ನು ಲ್ಯಾಬಿಗೆ ಕರೆದಳು. ಬಿಯರ್ ಕಾಯಿಸುವ ನಂದಕುಮಾರ್ ಕೂಡ ಅಲ್ಲಿದ್ದ. ಮೇಜಿನ ಮೇಲೆ ಹೊಟ್ಟೆ ಉಬ್ಬಿದ ಒಂದು ಗಾಜಿನ ಲೋಟ, ಅದರಲ್ಲಿ ಅರ್ಧಕ್ಕಿಂತ ತುಸು ಮೇಲಕ್ಕೆ ಮಬ್ಬು ಮಬ್ಬಾದ ಕಿತ್ತಳೆ ಬಣ್ಣದ ಬಿಯರ್.

"ಹೊಸದು ಅಕ್ಕಾ. ಡಬಲ್ ಐಪಿಎ ಅಂತ," ಅಂದಳು ಚಂದನ. "ಹಾಪ್ಸ್ ಹೂವನ್ನ ಮಾಮೂಲಿಗಿಂತ ಎರಡರಷ್ಟು ಸುರಿದಿದೀವಿ. ಸ್ಟ್ರಾಂಗೂ ಜಾಸ್ತಿ, ಎಂಟು ಪರ್ಸೆಂಟಿನ ಹತ್ರ ಹತ್ರ."

ಹಾಪ್ಸ್ ಅಂದರೆ ಮುನಿಲಕ್ಷ್ಮಿಗೆ ಗೊತ್ತಿತ್ತು. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ, ಯಾವುದೋ ದೇಶದ ಬಳ್ಳಿಯ ಹೂವಂತೆ. ಪುಡಿ ಮಾಡಿ ಹಸಿರು ಗುಳಿಗೆಯಾಗಿ ಒತ್ತಿ ಚೀಲದಲ್ಲಿ ಬರುತ್ತಿತ್ತು, ನೋಡಲು ಥೇಟ್ ಹಸುವಿಗೆ ಹಾಕುವ ಫೀಡಿನ ಹಾಗೆ.

"ಹೊಸ ಚೀಲದ ಹಾಪ್ಸಲ್ಲಿ ಈರುಳ್ಳಿ ಘಾಟು ಇತ್ತು ಅಂತ ನಂಗೆ ಅನುಮಾನ," ಅಂದ ನಂದಕುಮಾರ್. "ಮೇಡಂ ಇಲ್ಲ ಅಂತಾರೆ. ನೀವೇ ಹೇಳ್ಬೇಕು. ಕೆಟ್ಟಿದ್ರೆ ಇಡೀ ಟ್ಯಾಂಕು ಚರಂಡಿಗೆ."

ಮುನಿಲಕ್ಷ್ಮಿ ಲೋಟವನ್ನು ಎತ್ತಿಕೊಂಡಳು. ಉಸಿರೆಳೆದಳು. ಈರುಳ್ಳಿ ಬರಲಿಲ್ಲ. ಬಂದದ್ದು ಮಾವಿನ ಸೊನೆ. ತೊಟ್ಟು ಮುರಿದ ಕ್ಷಣ ಚಿಮ್ಮಿ ಕೈಗೆ ಅಂಟುವ ಆ ಖಾರದ ವಾಸನೆ, ಅದರ ಹಿಂದೆ ಕಿತ್ತಳೆ ಸಿಪ್ಪೆ, ಅದರ ಹಿಂದೆ ಗುಡಿಸಲಿನ ಒಣಹುಲ್ಲು. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವಳು ಎರಡನೆಯ ಸಲ ಮೂಸಿದಳು, ಮೂರನೆಯ ಸಲ ಮೂಸಿದಳು.

"ಏನಕ್ಕಾ? ಐತಾ?"

"ಮೂಗಿಗೆ ಸಿಗ್ತಾ ಇಲ್ಲ ಮೇಡಂ. ಮುಂದೆ ಬೇರೇದು ನಿಂತ್ಕೊಂಡೈತೆ."

"ಹಂಗಾದ್ರೆ ಒಂದು ಗುಟುಕು ನೋಡ್ಬೇಕಾಗುತ್ತೆ," ಅಂದ ನಂದಕುಮಾರ್.

"ಅವ್ರು ಕುಡಿಯಲ್ಲ ನಂದೂ," ಎಂದು ಚಂದನ ತಡೆದಳು. "ಬೇಡ ಅಂದ್ರೆ ಬೇಡ ಅಕ್ಕ. ಬಲವಂತ ಇಲ್ಲ. ಬೇಕಾದ್ರೆ ಬಾಯಲ್ಲಿ ಹಾಕ್ಕೊಂಡು ಉಗಿದ್ಬಿಡಿ."

"ಉಗಿದ್ರೆ ಏನು ಗೊತ್ತಾಗುತ್ತೆ? ಬಿಯರಿನ ಕಹಿ ನುಂಗಿದ್ಮೇಲೇ ತಿಳಿಯೋದು," ಅಂದ ನಂದಕುಮಾರ್.

ಬೇಡ ಅನ್ನಲು ಅವಳಿಗೆ ಬೇಕಾದಷ್ಟು ಹೊತ್ತಿತ್ತು. ಯಾರೂ ಅವಳ ಕೈ ಹಿಡಿದು ಕುಡಿಸಲಿಲ್ಲ. ಮುಂದೆ ಎಷ್ಟು ಸಲ ನೆನೆದುಕೊಂಡರೂ ಈ ಜಾಗದಲ್ಲಿ ಬೇರೆಯವರ ಮೇಲೆ ಹಾಕಲು ಅವಳಿಗೆ ಏನೂ ಸಿಗಲಿಲ್ಲ. ಒಂದು ಗುಟುಕು ಬಾಯಿಗೆ ತೆಗೆದುಕೊಂಡಳು. ಮೊದಲು ಸಿಹಿ, ಮೊಳಕೆ ರಾಗಿಹಿಟ್ಟಿನ ಗಂಜಿಯ ಹಾಗೆ. ನುಂಗಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ನಾಲಿಗೆಯ ಬುಡದಿಂದ ಕಹಿ ಎದ್ದು ಬಂತು. ಹಾಗಲಕಾಯಿಯ ಹಾಗೆ ಚುಚ್ಚುವ ಕಹಿಯಲ್ಲ. ಬೇವಿನ ಚಿಗುರನ್ನು ಬೆಲ್ಲದ ಜೊತೆ ಅಗಿದು, ಬೆಲ್ಲ ಕರಗಿಹೋದ ಮೇಲೆ ಉಳಿಯುತ್ತದಲ್ಲ, ಆ ಕಹಿ. ಅದು ಹೋಗಲೇ ಇಲ್ಲ. ಎದೆಯಲ್ಲಿ ಬಿಸಿ ಮೆಲ್ಲಗೆ ಇಳಿಯಿತು.

"ಈರುಳ್ಳಿ ಇಲ್ಲ," ಅಂದಳು. "ಚೆನ್ನಾಗೈತೆ."

"ಚೆನ್ನಾಗೈತೆ ಅಂತೆ!" ಎಂದು ನಂದಕುಮಾರ್ ನಕ್ಕು, ಚಂದನಳ ಜೊತೆ ಕಂಪ್ಯೂಟರಿನ ಕಡೆ ತಿರುಗಿದ. ಇಬ್ಬರೂ ಏನೋ ಬರೆದುಕೊಳ್ಳತೊಡಗಿದರು. ಕೆಲಸ ಮುಗಿದಿತ್ತು. ಲೋಟದಲ್ಲಿ ಇನ್ನೂ ಅರ್ಧದಷ್ಟು ಉಳಿದಿತ್ತು. ಮುನಿಲಕ್ಷ್ಮಿ ಅವರ ಬೆನ್ನು ನೋಡಿದಳು. ಲೋಟ ನೋಡಿದಳು. ನಾಲ್ಕೇ ಗುಟುಕಿನಲ್ಲಿ ಅಷ್ಟನ್ನೂ ಕುಡಿದು, ಸಿಂಕಿನಲ್ಲಿ ಲೋಟ ತೊಳೆದು, ಬೋರಲು ಹಾಕಿ ಹೊರಗೆ ಬಂದಳು.

ಸಂಜೆ ಕಂಪನಿ ಬಸ್ಸಿನಲ್ಲಿ ಅವಳು ಯಾರ ಪಕ್ಕದಲ್ಲೂ ಕೂರಲಿಲ್ಲ. ಮನೆಗೆ ಬಂದು ಮೂರು ಸಲ ಬಾಯಿ ಮುಕ್ಕಳಿಸಿದಳು, ತಲೆಗೆ ನೀರು ಹಾಕಿಕೊಂಡಳು, ತುಳಸಿ ಎಲೆ ಅಗಿದಳು. ಮೊದಲ ಗುಟುಕಿಗೆ ಕೆಲಸದ ನೆಪವಿತ್ತು. ಉಳಿದ ನಾಲ್ಕಕ್ಕೆ ಏನಿತ್ತು? ಬೇಕು ಅನ್ನಿಸಿತು, ಕುಡಿದಳು. ಅಷ್ಟೇ. ಅದೂ ಶ್ರಾವಣದಲ್ಲಿ, ಮಾರನೆಯ ದಿನ ತಳಿಗೆ ಇಟ್ಟುಕೊಂಡು. ಅಡಿಗೆ ಮಾಡುವುದಿಲ್ಲ ಅನ್ನಬೇಕೆಂದು ಅತ್ತೆಯ ಹತ್ತಿರ ಎರಡು ಸಲ ಹೋದಳು. ದೊಡ್ಡವೆಂಕಟಮ್ಮ ಹುಣಸೆಹಣ್ಣಿನ ನಾರು ಬಿಡಿಸುತ್ತಾ, "ಮೈ ಹುಷಾರಿಲ್ವೇನೇ? ಮಲ್ಕೋ ಹೋಗು, ಬೆಳಿಗ್ಗೆ ಬೇಗ ಏಳ್ಬೇಕು," ಅಂದರು. ಅವಳು ಹೋಗಿ ಮಲಗಿದಳು.

ಶನಿವಾರ ಬೆಳಿಗ್ಗೆ ಗುಡಿಯ ಹಿಂದೆ ಗೊಜ್ಜು ಕುದಿಯುತ್ತಿತ್ತು. ಉಪ್ಪು ಬಿದ್ದ ಮೇಲೆ ಹುಣಸೆಯ ಹಸಿ ಹುಳಿ ತಗ್ಗಿ ಒಂದು ದುಂಡನೆಯ ವಾಸನೆ ಏಳುತ್ತದೆ. ಆರು ವರ್ಷ ಅವಳು ನಂಬಿದ್ದು ಅದನ್ನೇ. ಅವತ್ತು ಬಾಗಿ ಉಸಿರೆಳೆದರೆ ಮಾವಿನ ಸೊನೆ. ಮತ್ತೆ ಎಳೆದರೂ ಮಾವಿನ ಸೊನೆ. ಸ್ವಾಮಿ ಮೂಗನ್ನು ಕಿತ್ತುಕೊಂಡನೆಂದು ಅವಳಿಗೆ ಅನ್ನಿಸಿತು. ಉಪ್ಪು ಹಾಕಿದೆನೋ ಇಲ್ಲವೋ? ಹಾಕಿದ ನೆನಪಿತ್ತು. ಅದು ಹೋದ ವಾರದ ನೆನಪೂ ಆಗಿರಬಹುದು. ಇನ್ನು ಯಾರನ್ನು ಕೇಳುವುದು, ಯಾರು ರುಚಿ ನೋಡುವ ಹಾಗಿದೆ? ಗೋವಿಂದಾ ಎಂದು ಕಣ್ಣು ಮುಚ್ಚಿ ಮತ್ತೆ ಎರಡು ಹಿಡಿ ಹಾಕಿದಳು.

ಪೂಜೆ ಆಯಿತು. ಐವತ್ತು ಕಂಠ ಗೋವಿಂದನನ್ನು ಕೂಗಿದವು. ದೊನ್ನೆಗಳಲ್ಲಿ ಪ್ರಸಾದ ಹಂಚಿದರು. ಮುನಿಲಕ್ಷ್ಮಿ ಕಂಬದ ಮರೆಯಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡಿದಳು.

ಪ್ರಸಾದಕ್ಕೆ ಯಾರೂ ಹೆಸರಿಡುವುದಿಲ್ಲ. ಮೊದಲ ತುತ್ತಿಗೆ ಪಕ್ಕದ ಮನೆಯ ಚಿಕ್ಕಗಂಗಮ್ಮನ ಕಣ್ಣು ಅಗಲವಾಯಿತು. ಆಕೆ ತಲೆ ತಗ್ಗಿಸಿ ಎರಡನೆಯ ತುತ್ತು ಎತ್ತಿಕೊಂಡಳು. "ಇವತ್ತು ಬಿಸ್ಲು ಜಾಸ್ತಿ," ಅಂದರು ಯಾರೋ. ಆಕಾಶದ ತುಂಬ ಮೋಡವಿತ್ತು. ಗುಡಿಯ ಕೆಲಸ ನೋಡಿಕೊಳ್ಳುವ ಹಿರಿಯರು ಅಶ್ವತ್ಥಪ್ಪ ದೊನ್ನೆಯ ಕೊನೆಯ ಅಗುಳನ್ನೂ ಬಳಿದು ತಿಂದು, "ಚಾಲಾ ಬಾಗುಂದಮ್ಮಾ, ಬಲು ಚೆನ್ನಾಗೈತೆ," ಅಂದರು. ಆಮೇಲೆ ನೀರಿನ ಡ್ರಮ್ಮಿನ ಹತ್ತಿರ ಹೋಗಿ ಒಂದರ ಹಿಂದೊಂದು ಮೂರು ಲೋಟ ನೀರು ಕುಡಿದರು. ಅವರ ಹಿಂದೆ ಸಾಲು ನಿಂತಿತ್ತು. ಅರ್ಧ ಗಂಟೆಯಲ್ಲಿ ಡ್ರಮ್ಮು ಬರಿದಾಯಿತು. ಒಬ್ಬರೂ ಪ್ರಸಾದ ಚೆಲ್ಲಿರಲಿಲ್ಲ.

ಕೊನೆಗೆ ಅವಳು ತಿಂದಳು. ಬಾಯಿಗಿಟ್ಟ ಕೂಡಲೇ ಕಣ್ಣಲ್ಲಿ ನೀರು ಬಂತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಸಾಯಂಕಾಲ ದೀಪದ ಹೊತ್ತಿಗೆ ಮನೇ ಕಡೆ ಬಾಮ್ಮಾ," ಎಂದು ಹೊರಡುವಾಗ ಅಶ್ವತ್ಥಪ್ಪ ಹೇಳಿದರು. "ಕಡೇ ಶನಿವಾರದ ತಳಿಗೆ ಯಾರು ಏನು ಅಂತ ಮಾತಾಡ್ಬೇಕು." ಅವರ ದನಿಯಲ್ಲಿ ಕೋಪವಿರಲಿಲ್ಲ. ಆದರೆ ಆರು ವರ್ಷದಲ್ಲಿ ಈ ಮಾತನ್ನು ಅವರು ಹಿಂದೆ ಎಂದೂ ಆಡಿರಲಿಲ್ಲ.

ಸಂಜೆ ಹಾಲು ಕರೆಯುವಾಗ ದೊಡ್ಡವೆಂಕಟಮ್ಮ ಕೊಟ್ಟಿಗೆಗೆ ಬಂದು ಕಲ್ಲಿನ ಮೇಲೆ ಕೂತರು. ಮುನಿಲಕ್ಷ್ಮಿ ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು ಎಲ್ಲವನ್ನೂ ಹೇಳಿದಳು. ಲೋಟ, ನಾಲ್ಕು ಗುಟುಕು, ಇಷ್ಟವಾದದ್ದು, ಅದನ್ನೂ ಬಿಡಲಿಲ್ಲ. "ಮೂಗು ಹೋಯ್ತು ಅತ್ತೆ. ಸ್ವಾಮಿ ಕಿತ್ಕೊಂಡ."

"ಮೂಗೆಲ್ಲೂ ಹೋಗಿಲ್ಲ," ಅಂದರು ಮುದುಕಿ. "ಮಧ್ಯಾಹ್ನ ಹಾಲು ಹುಳಿ ತಿರುಗ್ತೈತೆ ಅಂತ ಹಿತ್ಲಿಂದ ಕೂಗಿ ಹೇಳ್ದೋಳು ಯಾರು? ನೀನೇ ಅಲ್ವಾ? ನಿನ್ನ ತಲೆ ಸರಿ ಇರ್ಲಿಲ್ಲ, ಅದಕ್ಕೆ ಎರಡು ಸಲ ಸುರಿದೆ."

ಅದು ಸಮಾಧಾನವೋ ಶಿಕ್ಷೆಯೋ ಅವಳಿಗೆ ತಿಳಿಯಲಿಲ್ಲ. ಮೂಗು ಇದ್ದೇ ಇತ್ತು ಅಂದರೆ ತಪ್ಪು ಇನ್ನೂ ಅವಳದೇ.

"ಕುಡಿದಿದ್ದು ತಪ್ಪು. ನಂಗೆ ಮಾತು ಕೊಟ್ಟಿದ್ದೆ," ಅಂದರು ದೊಡ್ಡವೆಂಕಟಮ್ಮ. ದನಿ ಒಂದು ಸಲ ಗಟ್ಟಿಯಾಗಿ ಮತ್ತೆ ತಗ್ಗಿತು. "ಅದು ನನ್ನ ನಿನ್ನ ಮಧ್ಯೆ ಇರ್ಲಿ. ಅಶ್ವತ್ಥಪ್ಪಂಗೆ ಹೇಳಿದ್ರೆ ಇನ್ನು ಆ ಒಲೆ ಮುಂದೆ ನಿನ್ನ ನಿಲ್ಸಲ್ಲ. ಫ್ಯಾಕ್ಟ್ರಿಗೆ ಹೋಗೋ ಹೆಂಗಸ್ರನ್ನೆಲ್ಲಾ ಆಡ್ಕೊಳ್ತಾರೆ. ನಾನೂ ಬರ್ತೀನಿ ನಡಿ. ಉಪ್ಪು ನಾನು ಹಾಕ್ದೆ, ಕಣ್ಣು ಕಾಣ್ದೆ ಎರಡು ಸಲ ಬಿತ್ತು ಅಂತೀನಿ. ಮುದುಕೀನ ಯಾರು ಏನಂತಾರೆ? ಬರೋ ಶನಿವಾರ ನೀನೇ ಮಾಡುವಂತೆ."

ಮುನಿಲಕ್ಷ್ಮಿಯ ಕೈ ನಿಂತಿತು. ಬರುವ ಶನಿವಾರ ಆ ಒಲೆಯ ಮುಂದೆ ಯಾರೋ ಬೇರೆಯವರು ನಿಂತಿರುವುದು ಅವಳ ಕಣ್ಣಿಗೆ ಕಟ್ಟಿತು. ಹೂಂ ಅಂದುಬಿಟ್ಟರೆ ಸಾಕಿತ್ತು. ಅತ್ತೆ ಇಷ್ಟು ವರ್ಷದಲ್ಲಿ ತನಗಾಗಿ ಒಂದು ಸುಳ್ಳೂ ಹೇಳಿದವರಲ್ಲ.

ಅವಳು ಹಾಲಿನ ಪಾತ್ರೆಯನ್ನು ಪಕ್ಕಕ್ಕಿಟ್ಟು, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡಳು.

"ಬೇಡ ಅತ್ತೆ. ಮೂವತ್ತು ವರ್ಷ ನೀವು ಒಂದು ಸಲಾನೂ ಉಪ್ಪು ತಪ್ಪಿಸ್ದೋರಲ್ಲ. ನಾನು ಕುಡಿದಿದ್ದನ್ನ ನಿಮ್ಮ ಕಣ್ಣಿನ ಮೇಲೆ ಹಾಕಲ್ಲ."

"ಲೇ, ಹುಚ್ಚೀ, ಯೋಚ್ನೆ ಮಾಡೇ. ಜೊತೇಗಾದ್ರೂ ಬರ್ತೀನಿ."

"ಬರ್ಬೇಡಿ. ಒಬ್ಳೇ ಹೋಗಿ ಇದ್ದಿದ್ದನ್ನ ಇದ್ದಂಗೇ ಹೇಳ್ತೀನಿ," ಅಂದಳು ಮುನಿಲಕ್ಷ್ಮಿ.