ಬಲಗಡೆಯ ಹೂವು

ವ್ಯಾಪಾರದಲ್ಲಿ ನಾನು ಸೋತದ್ದು ಕಡಿಮೆ. ಯಶವಂತಪುರದಲ್ಲಿ ಹಳೇ ಗೋಣಿಚೀಲ ಕೊಂಡು, ತೂತು ಹೊಲಿಸಿ, ಮತ್ತೆ ಮಾರಿ ಮೇಲೆ ಬಂದವನು ನಾನು. ಕಟ್ಟು ಬಿಚ್ಚುವ ಮೊದಲೇ ಮಾರುವವನ ಮುಖ ನೋಡಿ, ಒಳಗೆ ಎಷ್ಟು ಚೀಲ ಹರಿದಿವೆ ಅಂತ ಹೇಳುತ್ತಿದ್ದೆ. ಆ ಧೈರ್ಯದಲ್ಲೇ ಒಂದು ಸಲ ದೇವರ ಹತ್ತಿರವೂ ಚೌಕಾಸಿಗೆ ಇಳಿದೆ. ಆಗ ಹುಟ್ಟಿದ ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ. ಈಗ ನನಗೂ ನಮ್ಮವ್ವನ ಅಂದಿನ ವಯಸ್ಸು. ಮನೆಯಲ್ಲಿ ವಯಸ್ಸಾದವರಿರುವ ಯಾರಾದರೂ ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಅಬ್ಬಿಗೆರೆಯಲ್ಲಿತ್ತು. ಆಗ ಅದು ಹೊಲಗದ್ದೆಯ ಹಳ್ಳಿ. ನಾನು ದಿನಾ ಸೈಕಲ್ಲಿನಲ್ಲಿ ಯಶವಂತಪುರಕ್ಕೆ ಹೋಗಿ ಬರುತ್ತಿದ್ದೆ. ಅವ್ವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಅವಳು ಅದನ್ನು ಬಹಳ ದಿನ ಮುಚ್ಚಿಟ್ಟಳು. ಒಂದು ದಿನ ಹಗ್ಗದ ಮೇಲೆ ಒಣಹಾಕಿದ್ದ ಕಂಬಳಿಗೆ "ಯಾಕೆ ನಿಂತ್ಕಂಡಿದ್ದೀರ, ಬನ್ನಿ ಕೂತ್ಕಳಿ" ಅಂದಳು. ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಮಾರನೇ ವಾರ ರೊಟ್ಟಿ ತಟ್ಟಲು ಹೋಗಿ ಕಾದ ಹಂಚಿನ ಮೇಲೆ ಅಂಗೈಯನ್ನೇ ಊರಿದಳು. ಆಮೇಲೆ ಯಾರೂ ನಗಲಿಲ್ಲ.

ಪೇಟೆಯ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, "ಪೊರೆ ಚೆನ್ನಾಗಿ ಬಲಿತಿದೆ ಕಣ್ರೀ. ಈಗ ತೆಗೆಸಿದ್ರೆ ಸರಿ. ಇನ್ನೂ ಬಿಟ್ರೆ ಕಣ್ಣೇ ಕೈಬಿಡುತ್ತೆ" ಅಂದರು.

ಅವ್ವ ಬಸ್ಸಿಳಿದು ಊರ ದಾರಿ ಹಿಡಿದ ಮೇಲೆ ಹೇಳಿದಳು: "ಅಮ್ಮ ಊವ ಕೊಡ್ಲಿ. ಕೊಟ್ರೆ ಬತ್ತೀನಿ. ಇಲ್ದಿದ್ರೆ ನನ್ ಕಣ್ ತಂಟೆಗೆ ಬರಬ್ಯಾಡ."

ಅಮ್ಮ ಅಂದರೆ ನಮ್ಮೂರ ದೇವಿ. ಊರಲ್ಲಿ ಯಾವ ದೊಡ್ಡ ಕೆಲಸಕ್ಕೂ ಅವಳ ಹತ್ತಿರ ಹೂವು ಕೇಳುವುದು ಪದ್ಧತಿ. ಪೂಜಾರಿ ಎರಡು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ, ದೇವಿಯ ಎರಡು ಭುಜಕ್ಕೂ ಒಂದೊಂದು ಅಂಟಿಸುತ್ತಾನೆ. ಕೇಳುವವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಬೇಕು; ಬಾಯಿಬಿಟ್ಟು ಹೇಳಕೂಡದು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ.

ಆ ಶುಕ್ರವಾರ ಬೆಳಗ್ಗೆ ಹೋಗಿ ಕೂತೆವು. ಬಿಸಿಲೇರಿ ನೆತ್ತಿಗೆ ಬಂದರೂ ಎರಡು ಹೂವೂ ಕದಲಲಿಲ್ಲ. ಅವ್ವ ಎದ್ದು ಸೆರಗು ಸರಿಮಾಡಿಕೊಂಡು, "ಅವಳಿಗೆ ಇನ್ನೂ ಮನ್ಸಿಲ್ಲ" ಅಂದಳು. ಮನೆಗೆ ಬರುವಾಗ ಕಾಲುವೆಯ ಅಂಚಿನಲ್ಲಿ ಹೆಜ್ಜೆ ತಪ್ಪಿದಳು. ನಾನು ರಟ್ಟೆ ಹಿಡಿಯದಿದ್ದರೆ ಕೆಳಗಿದ್ದಳು.

ನಾನು ಆವತ್ತೇ ಪೂಜಾರಿಯ ಮನೆಗೆ ಹೋದೆ. ನನಗಿಂತ ಒಂದೆರಡು ವರ್ಷ ಚಿಕ್ಕವನು, ಒಟ್ಟಿಗೆ ಗೋಲಿ ಆಡಿದವನು.

"ಮುಂದಿನ ಶುಕ್ರವಾರ ಬಲಗಡೆ ಹೂವು ಬೀಳಬೇಕು" ಅಂದೆ.

"ಅಣ್ಣೋ, ಅದೇನು ನನ್ ಕೈಲೈತಾ?"

"ಅಂಟಿಸೋ ಕೈ ನಿಂದೇ ತಾನೆ?"

ಅವನು ಎದ್ದು ಬಾಗಿಲು ಮುಂದಕ್ಕೆ ಹಾಕಿ ಬಂದ. "ಅಮ್ಮನ ತಾವ ಇಂತ ಆಟ ಬ್ಯಾಡ ಕಣಣ್ಣ."

"ಆಟ ಅಲ್ಲ ಕಣೋ. ಮುದುಕಿ ಕುರುಡಿ ಆಗ್ತಾಳೆ. ಆ ಪಾಪ ಯಾರಿಗೆ? ಗುಡಿ ಮುಂದೆ ಮಳೆ ಬಂದ್ರೆ ಕೆಸರು ತುಳೀತೀರಲ್ಲ, ಚಪ್ಪಡಿ ಹಾಕಿಸಿಕೊಡ್ತೀನಿ."

ಅವನು ಕೊನೆಗೆ, "ನಾನು ಬೀಳ್ಸಾಕಿಲ್ಲ. ಎಡಗಡೇದ್ಕೆ ವಸಿ ಗಂಧ ಅಚ್ಚಿ ಗಟ್ಟಿಯಾಗಿ ಅಂಟುಸ್ತೀನಿ. ಬಲಗಡೇದು ಬರೀ ನೀರು. ಮಿಕ್ಕಿದ್ದು ಅವಳಿಗೆ ಬಿಟ್ಟಿದ್ದು" ಅಂದ. ವ್ಯಾಪಾರ ಕುದುರಿತು ಅಂತ ನಾನು ಎದ್ದೆ. ನಿಜ ಹೇಳುತ್ತೇನೆ, ಆ ದಿನ ನನಗೆ ಹೆಮ್ಮೆಯೇ ಆಯಿತು.

ಮುಂದಿನ ಶುಕ್ರವಾರ ಅವ್ವ ತಲೆಗೆ ನೀರು ಹಾಕಿಕೊಂಡು ಬಂದು ಕೈಮುಗಿದು ಕೂತಳು. ಮಂಗಳಾರತಿ ಇನ್ನೂ ಮುಗಿದಿರಲಿಲ್ಲ. ಬಲಗಡೆಯ ಹೂವು ಜಾರಿ ದೇವಿಯ ಪಾದದ ಮೇಲೆ ಬಿತ್ತು. ಪೂಜಾರಿ, "ಬಲಗಡೆ ಕೊಟ್ಳು ಕಣಮ್ಮೋ!" ಅಂತ ಹೂವನ್ನು ಅವ್ವನ ಅಂಗೈಯಲ್ಲಿಟ್ಟ. ಅವಳ ಮುಖದಲ್ಲಿ ಒಂದು ಕ್ಷಣ ರಕ್ತವೇ ಇಲ್ಲದಂತಾಯಿತು. ಆಮೇಲೆ ನಿಧಾನವಾಗಿ ಮುಖ ತಿಳಿಯಾಯಿತು. ಅಷ್ಟು ನೆಮ್ಮದಿಯ ಮುಖವನ್ನು ನಾನು ಅಪ್ಪ ಹೋದ ಮೇಲೆ ಕಂಡಿರಲಿಲ್ಲ.

"ನಡೀಲಾ. ಯಾವತ್ತು ಕರ್ಕಂಡೋದ್ರೂ ಬತ್ತೀನಿ" ಅಂದಳು.

ಆಗಿನ ಕಾಲದ ಕಣ್ಣಿನ ಆಪರೇಷನ್ ಈಗಿನ ಹಾಗಲ್ಲ. ಎರಡು ಕಣ್ಣಿಗೂ ಪಟ್ಟಿ, ತಲೆಯ ಆಚೀಚೆ ಮರಳಿನ ಚೀಲ. ಅಲುಗದೆ ಮಲಗಿರಬೇಕು. ನರ್ಸಮ್ಮ ನನ್ನನ್ನು ಹೊರಗೆ ಕರೆದು, "ಕೆಮ್ಮಬಾರದು, ಸೀನಬಾರದು. ಹೊಲಿಗೆ ಬಿಟ್ಕೊಂಡ್ರೆ ಕಣ್ಣು ಹೋಯ್ತು ಅಂತ್ಲೇ ತಿಳ್ಕೊಳ್ಳಿ" ಅಂದರು. ಅವ್ವನಿಗೆ ನಶ್ಯದ ಚಟ. ಬೆಳಗ್ಗೆ ಎದ್ದು ಒಂದು ಚಿಟಿಕೆ ಏರಿಸಿ, ಬೀದಿಗೆಲ್ಲ ಕೇಳುವಂತೆ ಎರಡು ಸೀನು ಸೀನಿದ ಮೇಲೆಯೇ ನಮ್ಮ ಮನೆಗೆ ಬೆಳಗಾಗುತ್ತಿದ್ದದ್ದು. ನಶ್ಯದ ಡಬ್ಬಿಯನ್ನು ನಾನು ಜೇಬಿಗೆ ಹಾಕಿಕೊಂಡೆ. ಅವಳ ಮೂಗಿನ ಹೊಳ್ಳೆ ಅಲುಗಿದರೆ ಸಾಕು, ನನ್ನ ಉಸಿರು ನಿಲ್ಲುತ್ತಿತ್ತು. ಅಷ್ಟೂ ದಿನ ಕುರ್ಚಿಯಲ್ಲಿ ಕೂತು ಒಂದು ಮುದುಕಿಯ ಮೂಗನ್ನೇ ಕಾದಿದ್ದೇನೆ ಅಂದರೆ ನೀವು ನಗಬಹುದು. ಕಣ್ಣು ಹೋದರೆ ಅದು ದೇವಿ ಕೊಟ್ಟ ಶಿಕ್ಷೆ, ಶಿಕ್ಷೆ ನನಗಲ್ಲ, ಅವ್ವನಿಗೆ. ಹೀಗೇ ಯೋಚನೆ. ಅವಳಿಗೆ ಮಾತ್ರ ಒಂದಿಷ್ಟೂ ಭಯವಿರಲಿಲ್ಲ. "ಯಾಕ್ಲಾ ಅಂಗ್ ಉಸ್ಸಂತೀಯ, ಓಗಿ ಕಾಫಿ ಕುಡ್ಕಂಡ್ ಬಾ" ಅಂತ ನನಗೇ ಸಮಾಧಾನ ಹೇಳುತ್ತಿದ್ದಳು.

ಪಟ್ಟಿ ಬಿಚ್ಚಿದ ದಿನ ನನ್ನನ್ನು ನೋಡಿ ಅವಳು ಹೇಳಿದ ಮೊದಲ ಮಾತು, "ಅಯ್ಯೋ, ನಿನ್ ತಲೆ ಕೂದ್ಲು ಎಲ್ಲೋಯ್ತಲಾ?" ಎಲ್ಲರೂ ನಕ್ಕರು. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತು ಅತ್ತೆ. ಚಪ್ಪಡಿ ಹಾಕಿಸಿದ್ದು ಸಾರ್ಥಕವಾಯಿತು ಅಂದುಕೊಂಡೆ.

ಸೋಡಾ ಸೀಸೆಯ ತಳದಂಥ ದಪ್ಪ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಅವ್ವ ಒಬ್ಬೊಬ್ಬರ ಮುಖವನ್ನೂ ಎರಡು ಕೈಯಲ್ಲಿ ಹಿಡಿದು, ಕಲಿತು ಒಪ್ಪಿಸಬೇಕಾದ ಪಾಠದಂತೆ ನೋಡುತ್ತಿದ್ದಳು. ರಾಜಾನುಕುಂಟೆಯಲ್ಲಿದ್ದ ತನ್ನ ತಂಗಿಯನ್ನು ನೋಡಬೇಕು ಅಂದಳು, ಕರೆದುಕೊಂಡು ಹೋದೆ. ಇಬ್ಬರೂ ಇಡೀ ದಿನ ಕೈ ಹಿಡಿದುಕೊಂಡೇ ಕೂತಿದ್ದರು. ಬರುವಾಗ ತಂಗಿ ಅಳುತ್ತಿದ್ದಳು, ಅವ್ವ ಅಳಲಿಲ್ಲ. ಇನ್ನೊಂದು ದಿನ ತನ್ನ ಕಿವಿಯ ಓಲೆ ಬಿಚ್ಚಿ ನನ್ನ ಹೆಂಡತಿಗೆ ಕೊಟ್ಟಳು. ನಮ್ಮ ಹೊಲದ ಮೂಲೆಯಲ್ಲಿ ಅಪ್ಪನ ಸಮಾಧಿಯಿದೆ. ಅದರ ಪಕ್ಕದ ಮುಳ್ಳುಗಿಡ ಕಡಿಸು ಅಂದಳು. ಕಣ್ಣು ಕಾಣುತ್ತದಲ್ಲ, ಕಳೆ ಕಣ್ಣಿಗೆ ಬಿತ್ತು ಅಂತ ತಿಳಿದು ಕಡಿಸಿದೆ. ಮುದ್ದೆ ದಿನದಿಂದ ದಿನಕ್ಕೆ ಚಿಕ್ಕದಾಯಿತು. ಆಮೇಲೆ ಸಂಜೆಯ ಊಟವನ್ನೇ ಬಿಟ್ಟಳು. ಮುಖ ನೋಡಿ ಚೀಲದ ತೂತು ಹೇಳುವವನಿಗೆ ಇದೊಂದೂ ತಿಳಿಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಹೆಂಡತಿ ಹಿತ್ತಲಿಗೆ ಕರೆದಳು. ಅವಳ ಮುಖ ಬಿಳುಚಿಕೊಂಡಿತ್ತು.

"ಅತ್ತೆ ಅವತ್ತು ಅಮ್ಮನ್ನ ಕೇಳಿದ್ದು ಕಣ್ಣಿನ ವಿಷಯ ಅಲ್ವಂತೆ ಕಣ್ರೀ."

"ಮತ್ತೆ?"

"ಮೊದಲ್ನೇ ಸಲ ಕಣ್ಣಿಗೆ ಕೇಳಿದ್ರಂತೆ. ಅಮ್ಮ ಹೂವೇ ಕೊಡ್ಲಿಲ್ವಲ್ಲ. ಎರಡನೇ ಸಲ, ಯುಗಾದಿ ಒಳಗೆ ನನ್ನ ಕರ್ಕೊಳ್ತೀಯಾ ಅಂತ ಕೇಳಿದ್ರಂತೆ. ಬಲಗಡೆ ಬಿತ್ತಲ್ಲ. ಹೋಗೋ ಮುಂಚೆ ಎಲ್ಲರ ಮುಖ ನೋಡ್ಕೊಂಡು ಹೋಗೋಣ ಅಂತ ಆಪರೇಷನ್ನಿಗೆ ಒಪ್ಪಿದ್ದಂತೆ."

ಓಲೆ, ತಂಗಿ, ಮುಳ್ಳುಗಿಡ, ಮುದ್ದೆ ಎಲ್ಲ ಒಂದೇ ಸಲ ಕಣ್ಣಮುಂದೆ ಬಂದವು. ಯುಗಾದಿಗೆ ಎರಡು ತಿಂಗಳೂ ಉಳಿದಿರಲಿಲ್ಲ. ಅವ್ವನ ಸಾವಿಗೆ ಹೂಂ ಅನ್ನಿಸಿದವನು ನಾನೇ.

ಪೂಜಾರಿಯ ಹತ್ತಿರ ಓಡಿದೆ. ಕೇಳಿ ಅವನು ಹೊಸ ಚಪ್ಪಡಿಯ ಮೇಲೆ ಕೂತ. "ಇಬ್ರೂ ಹೋಗಿ ಅವ್ವಂಗೆ ನಿಜ ಹೇಳಿಬಿಡೋಣ, ಗಂಧ ಹಚ್ಚಿದ್ದೆ ಅಂತ ಹೇಳು" ಅಂದೆ.

ಅವನು ತಲೆ ಎತ್ತಲಿಲ್ಲ. "ಅಚ್ಲಿಲ್ಲ ಕಣಣ್ಣ."

"ಏನು?"

"ಅವತ್ತು ಕೈ ನಡುಗ್ತು. ಗಂಧ ತಗಂಡಿದ್ದೆ, ಅಚ್ಚಾಕ್ ಆಗ್ಲಿಲ್ಲ. ಎರಡೂ ಬರೀ ನೀರಲ್ಲೇ ಇಟ್ಟೆ. ಅವಳೇ ಕೊಟ್ಟಿದ್ದು."

ಚಪ್ಪಡಿ ಆಸೆಗೆ ಆವತ್ತು ಸುಮ್ಮನಿದ್ದನೋ, ಇವತ್ತು ಪಾಪದಿಂದ ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾನೋ? ಅವನ ಮುಖವನ್ನು ಎಷ್ಟು ಹೊತ್ತು ನೋಡಿದರೂ ನನಗೆ ಗೊತ್ತಾಗಲಿಲ್ಲ. ಗಂಧ ಹಚ್ಚಿದ್ದರೆ ನಾನು ಅವ್ವನಿಗೆ ಮೋಸ ಮಾಡಿದ ಹಾಗೆ. ಹಚ್ಚದಿದ್ದರೆ ದೇವಿ ನಿಜವಾಗಿಯೂ ಹೂಂ ಅಂದ ಹಾಗೆ. ಯಾವುದು ನಿಜವಾಗಲಿ ಅಂತ ಬೇಡಿಕೊಳ್ಳುವುದು? ಅಲ್ಲಿವರೆಗೆ ದೇವರನ್ನು ಅಷ್ಟಾಗಿ ಹಚ್ಚಿಕೊಳ್ಳದ ನಾನು, ಮನೆ ಮುಟ್ಟುವುದರೊಳಗೆ ಗುಡಿಯ ಕಡೆಗೆ ನಾಲ್ಕು ಸಲ ತಿರುಗಿ ಕೈಮುಗಿದಿದ್ದೆ.

ಆಮೇಲಿನ ಬೆಳಗುಗಳನ್ನು ಹೇಗೆ ಹೇಳಲಿ? ಎಚ್ಚರವಾದರೂ ಏಳುತ್ತಿರಲಿಲ್ಲ. ಹಾಸಿಗೆಯಲ್ಲೇ ಕಿವಿಗೊಟ್ಟು ಮಲಗಿರುತ್ತಿದ್ದೆ. ಕಣ್ಣು ಮಾಗಿದ ಮೇಲೆ ನಶ್ಯದ ಡಬ್ಬಿ ಅವ್ವನ ಕೈಗೆ ವಾಪಸ್ಸು ಬಂದಿತ್ತು; ನಡುಮನೆಯಿಂದ ಎರಡು ಸೀನು ಕೇಳಿಸಬೇಕು. ಆಸ್ಪತ್ರೆಯಲ್ಲಿ ಯಾವ ಸೀನಿಗೆ ನಡುಗಿದ್ದೆನೋ ಅದೇ ಸೀನು. ಒಂದು ಕೇಳಿ ಇನ್ನೊಂದು ತಡವಾದರೆ ಎದ್ದು ಕೂರುತ್ತಿದ್ದೆ. ಅಂಗಡಿಯಲ್ಲಿ ಗಿರಾಕಿ ಹೇಳಿದ ರೇಟಿಗೆ ತಲೆಯಾಡಿಸಿ ಕಳಿಸುತ್ತಿದ್ದೆ. ಹರಿದ ಚೀಲವನ್ನು ಗಟ್ಟಿ ಅಂತ ಕೊಂಡೆ. ಮನೆಯಿಂದ ಯಾರಾದರೂ ಸೈಕಲ್ಲಿನಲ್ಲಿ ಬರುತ್ತಿದ್ದಾರಾ ಅಂತ ರಸ್ತೆಯನ್ನೇ ನೋಡುತ್ತಿದ್ದೆ.

ಯುಗಾದಿಗೆ ಇನ್ನು ಒಂಬತ್ತು ದಿನ ಅನ್ನುವಾಗ ಅವ್ವ ಮಧ್ಯಾಹ್ನದ ಮುದ್ದೆಯನ್ನೂ ಪಕ್ಕಕ್ಕೆ ಸರಿಸಿದಳು. ಬರೀ ಮಜ್ಜಿಗೆ ಕುಡಿದಳು. ತೋಳು ಒಣಗಿದ ಕಡ್ಡಿಯಂತಾಗಿತ್ತು. ದೇವಿ ಕರೆಯದಿದ್ದರೂ ಇವಳೇ ಎದ್ದು ಹೊರಡುತ್ತಾಳೆ ಅಂತ ನನಗೆ ಖಚಿತವಾಯಿತು. ಅವಳ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ಚಪ್ಪಡಿ, ಗಂಧ, ಎಲ್ಲ. ಪೂಜಾರಿ ಕೈ ನಡುಗಿತು ಅಂದ ಮಾತು ಮಾತ್ರ ಹೇಳಲಿಲ್ಲ. ಅದೊಂದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ಕಾದೆ. ಅವ್ವ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅಂಗಾದ್ರೆ ನಾನಿನ್ನೂ ಎಷ್ಟು ದಿನ ಇರ್ಬೇಕೋ?" ಅಂದಳು. "ಯುಗಾದಿ ಗಂಟ ಅಂತ ಇದ್ದೆ. ಅಲ್ಲೀಗಂಟ ಎಂಗೋ ನಿಭಾಯಿಸ್ಬೋದು ಅಂತ ಧೈರ್ಯ ಮಾಡಿದ್ದೆ ಕಣ್ಲಾ. ಇನ್ನು ಆಸಿಗೆ ಇಡೀತೀನೋ, ಯಾರ ಕೈಲಿ ಉಚ್ಚೆ ಬಳಿಸ್ಕತೀನೋ, ನಿನ್ ಮೊಕಾನೇ ಮರ್ತೋಯ್ತೀನೋ... ಯಾವನಿಗ್ ಗೊತ್ತು?"

ಬದುಕಿಸಿದೆ ಅಂದುಕೊಂಡಿದ್ದೆ. ಮುದುಕಿಯ ಕೈಯಲ್ಲಿದ್ದ ಒಂದೇ ಗಟ್ಟಿಯಾದ ಗಡುವನ್ನು ಕಿತ್ತುಕೊಂಡಿದ್ದೆ. ಅದಕ್ಕೇ ಹೇಳುತ್ತೇನೆ, ಹಿರಿಯರಿಗೆ ಉತ್ತರ ಹೊಂದಿಸಿ ಕೊಡುವ ಮೊದಲು ಅವರ ಪ್ರಶ್ನೆ ಏನು ಅಂತ ಕೇಳಿ. ಕೇಳಿದರೂ ಹೇಳುತ್ತಾರೆ ಅಂತ ನಂಬಬೇಡಿ, ಆದರೂ ಕೇಳಿ.

ನನ್ನ ಹೆಂಡತಿ ಒಳಗಿನಿಂದ ಓಲೆ ತಂದು ಅವ್ವನ ಮುಂದಿಟ್ಟಳು. ಅವ್ವ ಅದನ್ನೂ ಇವಳನ್ನೂ ನೋಡಿ, "ಇಟ್ಕಳವ್ವ. ನಿನ್ ಕಿವಿಗೇ ಚಂದಾಗದೆ" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಸಾರಿಗೆ ಉಪ್ಪು ಆಕಿದ್ಯಾ?" ಅಂತ ಕೇಳಿದಳು. ಅರ್ಧ ಮುದ್ದೆ ತಿಂದಳು. ಸಿಟ್ಟಿನಿಂದಲೇ ತಿಂದಳು.

ಯುಗಾದಿ ಬಂತು, ಬೇವು ಬೆಲ್ಲ ತಿಂದೆವು. ಮರುದಿನ ಬೆಳಗ್ಗೆ ಎರಡು ಸೀನು ಕೇಳಿಸಿದವು. ನಾನು ಕಂಬಳಿಯೊಳಗೆ ಬಾಯಿ ಮುಚ್ಚಿಕೊಂಡೆ.

ಆ ವಾರದ ಶುಕ್ರವಾರ ಅವ್ವ ಗುಡಿಗೆ ನಡಿ ಅಂದಳು. ಬಾಗಿಲ ಹತ್ತಿರ ನನ್ನನ್ನು ತಡೆದು, "ನೀನು ಅಲ್ಲೇ ನಿಂತ್ಕ, ನಿನ್ ಚಪ್ಪಡಿ ಮ್ಯಾಲೆ" ಅಂದಳು. ಪೂಜಾರಿಗೆ ಕೈ ತೊಳೆದುಕೊಂಡು ಬರಲು ಹೇಳಿ, ಹೂವನ್ನೂ ನೀರನ್ನೂ ತಾನೇ ಮುಟ್ಟಿ ನೋಡಿದಳು. ಒಳಗೆ ಎಷ್ಟು ಹೊತ್ತು ಕೂತಿದ್ದಳೋ ಗೊತ್ತಿಲ್ಲ. ಬಿಸಿಲಿಗೆ ಚಪ್ಪಡಿ ಕಾದು ನನ್ನ ಅಂಗಾಲು ಸುಡುತ್ತಿತ್ತು. ಈಚೆಗೆ ಬಂದಾಗ ಅವಳ ಬಲಗೈ ಮುಷ್ಟಿ ಕಟ್ಟಿತ್ತು.

"ಏನ್ ಕೇಳ್ದೆ ಅವ್ವ? ಯಾವ ಕಡೆ ಕೊಟ್ಳು?"

"ಯಾಕ್ಲಾ? ಇದ್ಕೂ ರೇಟು ಏಳ್ತೀಯಾ?" ಅಂತ ಮುಂದೆ ನಡೆದಳು.

ಮುಷ್ಟಿ ಬಿಚ್ಚಲಿಲ್ಲ. ಮನೆಗೆ ಬಂದು ಹೂವನ್ನು ನಶ್ಯದ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದಳು. ಆಮೇಲೆ ಎಂಟು ಯುಗಾದಿ ಇದ್ದಳು. ಆ ಎಂಟು ವರ್ಷವೂ ಬೆಳಗಿನ ಆ ಎರಡು ಸೀನಿಗಾಗಿ ನಾನು ಉಸಿರು ಬಿಗಿಹಿಡಿದು ಮಲಗಿರುತ್ತಿದ್ದೆ.